ಸನ್‌ಲೈಟ್ ಸೋಪಿನ ಧಣಿ ಕಟ್ಟಿಸಿದ ದ್ವೀಪದ ಧಕ್ಕೆ: ಧಣಿ ಹೋದ್ರು, ಕೆಲಸವೂ ಹೋಯ್ತು

ಸನ್‌ಲೈಟ್ ಸೋಪ್ ಯಾರಿಗೆ ಗೊತ್ತಿಲ್ಲ? ಅದನ್ನು ಮಾರುಕಟ್ಟೆಗೆ ತಂದವರು ಇಂಗ್ಲೆಂಡಿನ ವಿಲಿಯಂ ಲೀವರ್. 1851ರಲ್ಲಿ ಬೋಲ್ಟನ್ ಊರಿನ ದಿನಸಿ ವ್ಯಾಪಾರಿಯ ಮಗನಾಗಿ ಹುಟ್ಟಿ, ಸೋಪಿನಿಂದಲೇ ಭಾರೀ ಶ್ರೀಮಂತರಾದರು.

1918ರಲ್ಲಿ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪ, ಮರುವರ್ಷ ಪಕ್ಕದ ಹ್ಯಾರಿಸ್ ಖರೀದಿಸಿದರು. ಮೀನುಗಾರಿಕೆ ಬೆಳೆಸೋ ಆಸೆ. ಆದರೆ ಯುದ್ಧ ಮುಗಿಸಿ ಬಂದ ಲೂಯಿಸ್ ಜನ ಕೇಳಿದ್ದು ಬೇಸಾಯಕ್ಕೆ ಭೂಮಿ. ಜಟಾಪಟಿ ಜೋರಾಗಿ 1923ರಲ್ಲಿ ಲೂಯಿಸ್ ಬಿಟ್ಟರು.

ಹ್ಯಾರಿಸ್‌ನ ಓಬ್ ಎಂಬ ಹಳ್ಳಿಯಲ್ಲಿ ಮಾತ್ರ ಧಕ್ಕೆ, ಮೀನು ಸಂಸ್ಕರಣೆಯ ಶೆಡ್, ಮನೆಗಳು ಎದ್ದವು. ನೂರಾರು ಜನರಿಗೆ ಕೆಲಸ ಸಿಕ್ತು. ಊರಿನ ಹೆಸರೇ ಲೀವರ್‌ಬರ್ಗ್ ಆಯ್ತು.

1925ರ ಮೇ 7ರಂದು ಲೀವರ್ ತೀರಿಕೊಂಡರು. ಕಂಪನಿಯವರು ಯೋಜನೆ ಕೈಬಿಟ್ಟರು, ಕೆಲಸಗಾರರ ಕೈ ಬರಿದಾಯ್ತು. ಒಬ್ಬರನ್ನೇ ನಂಬಿದ ಅಭಿವೃದ್ಧಿ ಅವರ ಜೊತೆಗೇ ಮುಗೀತು.

ಇವತ್ತು ಅದೇ ಲೀವರ್‌ಬರ್ಗ್‌ನಿಂದ ಬರ್ನರೇ ದ್ವೀಪಕ್ಕೆ ಜನ, ಕಾರು ಹೊತ್ತ ಫೆರಿ ಓಡಾಡುತ್ತೆ.