ಜಠರದ ಕಿಟಕಿಯಲ್ಲಿ ಇಣುಕಿದ ವೈದ್ಯ

ಮಕ್ಕಳೇ, ನೀವು ಮಧ್ಯಾಹ್ನ ಉಂಡ ಅನ್ನ ಸಾರು ಈಗ ಎಲ್ಲಿದೆ? ಹೊಟ್ಟೆಯಲ್ಲಿ ಎಂದು ಥಟ್ಟನೆ ಹೇಳುತ್ತೀರಿ. ಸರಿ, ಅಲ್ಲಿ ಅದಕ್ಕೆ ಏನಾಗುತ್ತಿದೆ? ಸುಮಾರು ಇನ್ನೂರು ವರ್ಷಗಳ ಹಿಂದೆ ಈ ಪ್ರಶ್ನೆಗೆ ದೊಡ್ಡ ದೊಡ್ಡ ವೈದ್ಯರಲ್ಲೇ ಒಮ್ಮತವಿರಲಿಲ್ಲ. ಜಠರವು ಬೀಸುವ ಕಲ್ಲಿನಂತೆ ಆಹಾರವನ್ನು ಅರೆಯುತ್ತದೆ ಎಂದು ಕೆಲವರು ಹೇಳುತ್ತಿದ್ದರು. ಒಲೆಯ ಮೇಲಿನ ಪಾತ್ರೆಯಂತೆ ಬೇಯಿಸುತ್ತದೆ ಎನ್ನುವವರೂ ಇದ್ದರು, ಹಿಟ್ಟು ಹುಳಿ ಬಂದಂತೆ ಹುಳಿಸುತ್ತದೆ ಎನ್ನುವವರೂ ಇದ್ದರು. ಜೀವಂತ ಮನುಷ್ಯನ ಜಠರದೊಳಗೆ ಇಣುಕಿ ನೋಡುವುದಾದರೂ ಹೇಗೆ? ಅಂಥ ಅವಕಾಶ ಒಬ್ಬ ಸೇನಾ ವೈದ್ಯನಿಗೆ ಆಕಸ್ಮಿಕವಾಗಿ ಸಿಕ್ಕಿತು. ಆತನ ಹೆಸರು ವಿಲಿಯಂ ಬೋಮಾಂಟ್.

ಬೋಮಾಂಟ್ 1785ರ ನವೆಂಬರ್ 21ರಂದು ಅಮೆರಿಕದ ಕನೆಕ್ಟಿಕಟ್ ರಾಜ್ಯದ ಲೆಬನನ್ ಎಂಬ ಊರಿನ ರೈತ ಕುಟುಂಬದಲ್ಲಿ ಹುಟ್ಟಿದ. ಅವನು ವೈದ್ಯಕೀಯ ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಕೆಲವು ಕಾಲ ಶಾಲಾ ಮೇಷ್ಟ್ರಾಗಿದ್ದ. ಆಮೇಲೆ ವರ್ಮಾಂಟ್‌ನ ವೈದ್ಯರೊಬ್ಬರ ಬಳಿ ಶಿಷ್ಯನಾಗಿ ಸೇರಿ ಕೆಲಸ ಕಲಿತು, 1812ರಲ್ಲಿ ವೈದ್ಯ ವೃತ್ತಿಗೆ ಪರವಾನಗಿ ಪಡೆದ. ಅದೇ ವರ್ಷ ಬ್ರಿಟನ್ನಿನ ಮೇಲೆ ಯುದ್ಧ ಶುರುವಾಯಿತು. ಸೇನೆ ಸೇರಿದ ಬೋಮಾಂಟ್ ಗುಂಡೇಟಿನ ಗಾಯಗಳಿಗೆ ಚಿಕಿತ್ಸೆ ಮಾಡುವುದರಲ್ಲಿ ಪಳಗಿದ. 1820ರಲ್ಲಿ ಅವನನ್ನು ಉತ್ತರದ ಮಹಾಸರೋವರಗಳ ನಡುವಿನ ಮ್ಯಾಕಿನಾ ದ್ವೀಪದ ಕೋಟೆಗೆ ಕಳುಹಿಸಿದರು.

ಆ ದ್ವೀಪ ತುಪ್ಪಳದ ವ್ಯಾಪಾರಕ್ಕೆ ಹೆಸರಾಗಿತ್ತು. ಕಾಡುಪ್ರಾಣಿಗಳ ಚರ್ಮವನ್ನು ದೋಣಿಗಳಲ್ಲಿ ಹೊತ್ತು ತರುವ ಕೂಲಿಗಳು ಅಲ್ಲಿ ಸೇರುತ್ತಿದ್ದರು. 1822ರ ಜೂನ್ 6ರಂದು ವ್ಯಾಪಾರಿ ಕಂಪನಿಯ ಅಂಗಡಿಯಲ್ಲಿ ಯಾರದೋ ಕೈಯಲ್ಲಿದ್ದ ಕೋವಿ ಇದ್ದಕ್ಕಿದ್ದಂತೆ ಹಾರಿತು. ಮೂರಡಿ ದೂರದಲ್ಲಿದ್ದ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಕೆನಡಾದ ಕೂಲಿಯಾಳಿನ ಎಡ ಪಕ್ಕೆಗೆ ಅದು ಬಡಿಯಿತು. ಪಕ್ಕೆಲುಬು ಮುರಿದು, ಜಠರ ತೂತಾಗಿ, ಅವನು ಬೆಳಗ್ಗೆ ತಿಂದ ಆಹಾರ ಆ ಗಾಯದಿಂದಲೇ ಹೊರಬರುತ್ತಿತ್ತು. ಓಡಿ ಬಂದ ಬೋಮಾಂಟ್, ಇವನು ಬದುಕುವುದಿಲ್ಲ ಎಂದುಕೊಂಡೇ ಗಾಯ ತೊಳೆದು ಕಟ್ಟಿದ.

ಸೇಂಟ್ ಮಾರ್ಟಿನ್ ಸಾಯಲಿಲ್ಲ. ಆದರೆ ಗಾಯ ಮಾಯುವಾಗ ಒಂದು ವಿಚಿತ್ರ ನಡೆಯಿತು. ಜಠರದ ತೂತಿನ ಅಂಚು ಹೊಟ್ಟೆಯ ಹೊರಚರ್ಮಕ್ಕೇ ಅಂಟಿಕೊಂಡು, ತೂತು ಮುಚ್ಚದೆ ಹಾಗೇ ಉಳಿಯಿತು. ಮೊದಲ ಎರಡು ವಾರಗಳಿಗೂ ಹೆಚ್ಚು ಕಾಲ ತಿಂದದ್ದೆಲ್ಲ ಅಲ್ಲಿಂದಲೇ ಆಚೆ ಬರುತ್ತಿದ್ದುದರಿಂದ ಬಟ್ಟೆ ಒತ್ತಿ ಕಟ್ಟಬೇಕಾಯಿತು. ಕ್ರಮೇಣ ಜಠರದ ಒಳಪೊರೆಯ ಮಡಿಕೆಯೊಂದು ಬೆಳೆದು ಬಾಗಿಲಿನಂತೆ ಅಡ್ಡ ನಿಂತಿತು. ಬೆರಳಿನಿಂದ ಅದನ್ನು ಮೆಲ್ಲಗೆ ಒಳಕ್ಕೆ ತಳ್ಳಿದರೆ ಸಾಕು, ಜಠರದ ಒಳಭಾಗ ಕಾಣುತ್ತಿತ್ತು!

ಆ ಬಡವನನ್ನು ನೋಡಿಕೊಳ್ಳುವವರು ಯಾರೂ ಇರಲಿಲ್ಲ. ಸ್ಥಳೀಯ ಆಡಳಿತದವರು ಅವನನ್ನು ದೂರದ ಊರಿಗೆ ಸಾಗಹಾಕಲು ಹೊರಟಾಗ ಬೋಮಾಂಟ್ ತನ್ನ ಮನೆಗೇ ಕರೆತಂದ. ಅದರಲ್ಲಿ ಕರುಣೆ ಇತ್ತು. ಆದರೆ ಆ ಕಿಟಕಿಯ ಬೆಲೆ ಏನೆಂಬುದೂ ವೈದ್ಯನಿಗೆ ಬೇಗನೆ ಹೊಳೆಯಿತು.

1825ರ ಆಗಸ್ಟ್ 1ರಂದು ಮೊದಲ ಪ್ರಯೋಗ ನಡೆಯಿತು. ಸಲಕರಣೆ ಎಂದರೆ ಒಂದು ರೇಷ್ಮೆ ದಾರ. ಅದಕ್ಕೆ ಕೆಲವು ಬಗೆಯ ಮಾಂಸದ ತುಂಡುಗಳನ್ನೂ ಬ್ರೆಡ್ಡಿನ ಚೂರನ್ನೂ ಹಸಿ ಎಲೆಕೋಸನ್ನೂ ಕಟ್ಟಿ, ಮಧ್ಯಾಹ್ನ 12 ಗಂಟೆಗೆ ತೂತಿನ ಮೂಲಕ ಜಠರದೊಳಗೆ ಇಳಿಬಿಟ್ಟ. ಒಂದು ಗಂಟೆಗೆ ಎಳೆದು ನೋಡಿದರೆ ಬ್ರೆಡ್ಡು ಮತ್ತು ಕೋಸು ಅರ್ಧದಷ್ಟು ಕರಗಿದ್ದವು, ಮಾಂಸ ಹಾಗೇ ಇತ್ತು. ಎರಡು ಗಂಟೆಗೆ ಬ್ರೆಡ್ಡು, ಕೋಸು ಪೂರ್ತಿ ಮಾಯವಾಗಿದ್ದವು. ಅಷ್ಟರಲ್ಲಿ ಸೇಂಟ್ ಮಾರ್ಟಿನ್‌ಗೆ ಹೊಟ್ಟೆನೋವು ಶುರುವಾಗಿತ್ತು!

ಮುಂದಿನ ಪ್ರಯೋಗ ಇನ್ನೂ ಮುಖ್ಯವಾದದ್ದು. ಬೋಮಾಂಟ್ ರಬ್ಬರ್ ನಳಿಕೆಯಿಂದ ಜಠರ ರಸವನ್ನು ಹೊರತೆಗೆದು ಒಂದು ಸೀಸೆಗೆ ತುಂಬಿದ. ಅದಕ್ಕೆ ಮಾಂಸದ ತುಂಡು ಹಾಕಿ, ಸೀಸೆಯನ್ನು ದೇಹದಷ್ಟೇ ಬಿಸಿಯಾದ, ಅಂದರೆ ಸುಮಾರು 100 ಡಿಗ್ರಿ ಫ್ಯಾರನ್‌ಹೀಟ್‌ನ ನೀರಿನಲ್ಲಿ ಇಟ್ಟ. ಮಾಂಸ ನಿಧಾನವಾಗಿ ಕರಗಿತು. ಜಠರದೊಳಗೆ ಆಗುವುದಕ್ಕಿಂತ ಹೆಚ್ಚು ಸಮಯ ಹಿಡಿಯಿತು, ಅಷ್ಟೇ. ಅರೆಯುವ ಕಲ್ಲಿಲ್ಲ, ಬೇಯಿಸುವ ಬೆಂಕಿಯಿಲ್ಲ, ಆದರೂ ಆಹಾರ ಕರಗಿತು! ಪಚನವು ಒಂದು ರಾಸಾಯನಿಕ ಕ್ರಿಯೆ ಎಂಬುದಕ್ಕೆ ಇದಕ್ಕಿಂತ ಸರಳವಾದ ಸಾಕ್ಷಿ ಬೇಕೆ? ಆ ರಸವನ್ನು ಪರೀಕ್ಷಿಸಿದ ರಸಾಯನ ತಜ್ಞರು ಅದರಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಇದೆ ಎಂದು ಖಚಿತಪಡಿಸಿದರು. ಅದರಲ್ಲಿರುವ ಪೆಪ್ಸಿನ್ ಎಂಬ ಕಿಣ್ವವನ್ನು 1836ರಲ್ಲಿ ಜರ್ಮನಿಯ ಥಿಯೋಡರ್ ಶ್ವಾನ್ ಕಂಡುಹಿಡಿದ.

ಅಷ್ಟು ಪ್ರಬಲವಾದ ಆಮ್ಲ ಜಠರವನ್ನೇ ಏಕೆ ಕರಗಿಸುವುದಿಲ್ಲ? ನಾನು ಹೋದ ಶಾಲೆಗಳಲ್ಲೆಲ್ಲ ಯಾರಾದರೊಬ್ಬರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಜಠರದ ಒಳಗೋಡೆಯನ್ನು ದಪ್ಪನೆಯ ಲೋಳೆ ಕಾಪಾಡುತ್ತದೆ. ಜೊತೆಗೆ ಅಲ್ಲಿನ ಜೀವಕೋಶಗಳು ಕೆಲವೇ ದಿನಗಳಿಗೊಮ್ಮೆ ಹೊಸದಾಗುತ್ತಿರುತ್ತವೆ.

1825ರ ಕೊನೆಯ ಭಾಗದಲ್ಲಿ ಸೇಂಟ್ ಮಾರ್ಟಿನ್ ಹೇಳದೆ ಕೇಳದೆ ಕೆನಡಾಕ್ಕೆ ಹೊರಟುಹೋದ. ಅಲ್ಲಿ ಮದುವೆಯಾದ, ಮಕ್ಕಳಾದವು. ಬೋಮಾಂಟ್ ಹುಡುಕಿಸಿ, 1829ರಲ್ಲಿ ಅವನನ್ನು ಕುಟುಂಬ ಸಮೇತ ತಾನಿದ್ದ ಫೋರ್ಟ್ ಕ್ರಾಫರ್ಡ್‌ಗೆ ಕರೆಸಿಕೊಂಡ. ಸೇಂಟ್ ಮಾರ್ಟಿನ್ ಸೌದೆ ಒಡೆಯುವುದು ಮುಂತಾದ ಮನೆಗೆಲಸವನ್ನೂ ಮಾಡುತ್ತಿದ್ದ, ಕರೆದಾಗ ಪ್ರಯೋಗಕ್ಕೂ ಮಲಗುತ್ತಿದ್ದ. 1832ರಲ್ಲಿ ಅವರ ನಡುವೆ ಒಪ್ಪಂದವಾಯಿತು. ವರ್ಷಕ್ಕೆ 150 ಡಾಲರ್, ಜೊತೆಗೆ ಊಟ, ಬಟ್ಟೆ, ವಸತಿ. ಓದು ಬರಹ ಬಾರದ ಸೇಂಟ್ ಮಾರ್ಟಿನ್ ಸಹಿಯ ಜಾಗದಲ್ಲಿ ಒಂದು ಗುರುತು ಹಾಕಿದ. ತಾನು ಯಾವುದಕ್ಕೆ ಒಪ್ಪಿದೆ ಎಂಬುದು ಅವನಿಗೆ ಎಷ್ಟು ಅರ್ಥವಾಗಿತ್ತೋ! ಇಂದು ಮನುಷ್ಯರ ಮೇಲೆ ಪ್ರಯೋಗ ಮಾಡುವವರು ಎಲ್ಲವನ್ನೂ ಮೊದಲೇ ವಿವರಿಸಿ ಒಪ್ಪಿಗೆ ಪಡೆಯಬೇಕು, ಬೇಡವೆಂದರೆ ಯಾವಾಗ ಬೇಕಾದರೂ ಬಿಡಬೇಕು. ಅಂದು ಅಂಥ ನಿಯಮಗಳಿರಲಿಲ್ಲ.

238 ಪ್ರಯೋಗಗಳ ವಿವರವುಳ್ಳ ಬೋಮಾಂಟ್‌ನ ಪುಸ್ತಕ 1833ರಲ್ಲಿ ಪ್ರಕಟವಾಯಿತು. ಅದರಲ್ಲಿ ಯಾವ ಆಹಾರ ಎಷ್ಟು ಹೊತ್ತಿಗೆ ಪಚನವಾಯಿತು ಎಂಬ ಪಟ್ಟಿಯೇ ಇದೆ. ಅನ್ನಕ್ಕೆ 1 ಗಂಟೆ, ಕಾಯಿಸಿದ ಹಾಲಿಗೆ 2 ಗಂಟೆ, ಗಟ್ಟಿಯಾಗಿ ಬೇಯಿಸಿದ ಮೊಟ್ಟೆಗೆ ಮೂರೂವರೆ ಗಂಟೆ, ಹುರಿದ ಹಂದಿ ಮಾಂಸಕ್ಕೆ ಐದೂಕಾಲು ಗಂಟೆ! ಇದು ಒಬ್ಬನೇ ಮನುಷ್ಯನ ಜಠರದ ಲೆಕ್ಕ ಎಂಬುದನ್ನು ಮರೆಯಬೇಡಿ. ಹಸಿದ ಜಠರದಲ್ಲಿ ರಸ ತುಂಬಿಕೊಂಡಿರುವುದಿಲ್ಲ, ಆಹಾರ ತಾಗಿದಾಗ ಒಳಗೋಡೆಯಿಂದ ಬೆವರ ಹನಿಗಳಂತೆ ಒಸರುತ್ತದೆ ಎಂಬುದನ್ನು ಅವನು ಕಣ್ಣಾರೆ ಕಂಡ. ಸಣ್ಣ ಚೂರುಗಳಾಗಿ ಅಗಿದ ಆಹಾರ ಬೇಗ ಕರಗುತ್ತಿತ್ತು, ದೊಡ್ಡ ತುಂಡು ತಡವಾಗುತ್ತಿತ್ತು. ಸೇಂಟ್ ಮಾರ್ಟಿನ್ ಸಿಟ್ಟುಗೊಂಡಾಗ ಪಚನ ಕೆಡುತ್ತಿತ್ತು. ಅವನು ಕುಡಿದ ದಿನಗಳಲ್ಲಿ ಜಠರದ ಒಳಗೋಡೆ ಕೆಂಪಗೆ ಉರಿಗೊಂಡಿರುತ್ತಿತ್ತು. ಆಶ್ಚರ್ಯವೆಂದರೆ, ಆಗಲೂ ಕೆಲವೊಮ್ಮೆ ತನಗೇನೂ ತೊಂದರೆಯಿಲ್ಲ ಎಂದೇ ಅವನು ಹೇಳುತ್ತಿದ್ದ!

ಬೋಮಾಂಟ್ ಒಂದು ಕಡೆ ತಪ್ಪಿದ. ಲಾಲಾರಸಕ್ಕೆ ಆಹಾರವನ್ನು ಪಚನ ಮಾಡುವ ಶಕ್ತಿಯಿಲ್ಲ ಎಂದು ಅವನು ನಂಬಿದ್ದ. ನೀವೇ ಪರೀಕ್ಷಿಸಿ ನೋಡಿ. ಒಂದು ತುತ್ತು ಬರೀ ಅನ್ನ ಅಥವಾ ಸಣ್ಣ ಚೂರು ಚಪಾತಿಯನ್ನು ನುಂಗದೆ ಎರಡು ನಿಮಿಷ ಅಗಿಯಿರಿ. ನಾಲಗೆಗೆ ಸಿಹಿ ಗೊತ್ತಾಗುತ್ತದೆ. ಲಾಲಾರಸದ ಕಿಣ್ವ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತಿರುತ್ತದೆ. ಹಾಗೆಯೇ ಪಚನದ ಬಹುಪಾಲು ಕೆಲಸ ನಡೆಯುವುದು ಅವನ ಕಿಟಕಿಗೆ ಕಾಣದ ಸಣ್ಣ ಕರುಳಿನಲ್ಲಿ. ಸುಮಾರು 6 ಮೀಟರ್ ಉದ್ದದ ಆ ನಾಳದಲ್ಲೇ ಆಹಾರದ ಸಾರ ರಕ್ತಕ್ಕೆ ಸೇರುತ್ತದೆ.

1834ರಲ್ಲಿ ಊರಿಗೆ ಹೋದ ಸೇಂಟ್ ಮಾರ್ಟಿನ್ ಮತ್ತೆ ಬರಲಿಲ್ಲ. ಬೋಮಾಂಟ್ ಹಲವು ವರ್ಷ ಪತ್ರ ಬರೆದ, ಹಣದ ಆಸೆ ತೋರಿಸಿದ, ಪ್ರಯೋಜನವಾಗಲಿಲ್ಲ. ಕೊನೆಯವರೆಗೆ ಸೇಂಟ್ ಲೂಯಿಸ್ ನಗರದಲ್ಲಿ ವೈದ್ಯನಾಗಿದ್ದ ಬೋಮಾಂಟ್, 1853ರಲ್ಲಿ ಹಿಮಗಟ್ಟಿದ ಮೆಟ್ಟಿಲ ಮೇಲೆ ಜಾರಿ ಬಿದ್ದು, ಏಪ್ರಿಲ್ 25ರಂದು ತೀರಿಕೊಂಡ.

ಬದುಕುವುದಿಲ್ಲ ಎಂದುಕೊಂಡಿದ್ದ ಆ ರೋಗಿ ವೈದ್ಯನಿಗಿಂತ 27 ವರ್ಷ ಹೆಚ್ಚು ಬದುಕಿದ. ಹೊಟ್ಟೆಯಲ್ಲಿ ಅದೇ ತೂತನ್ನು ಇಟ್ಟುಕೊಂಡೇ ದುಡಿದು, ಸಂಸಾರ ಸಾಕಿ, 1880ರ ಜೂನ್‌ನಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಸತ್ತ. ಅವನ ಜಠರವನ್ನು ವಸ್ತುಸಂಗ್ರಹಾಲಯದಲ್ಲಿ ಇಡಲು ವೈದ್ಯರು ಕೇಳಿದಾಗ ಮನೆಯವರು ಒಪ್ಪಲಿಲ್ಲ. ಯಾರೂ ಅಗೆದು ಒಯ್ಯದಿರಲೆಂದು ಶವ ಕೊಳೆಯುವವರೆಗೆ ಮನೆಯಲ್ಲೇ ಇಟ್ಟು, ಆಮೇಲೆ 8 ಅಡಿ ಆಳದ ಗುಂಡಿ ತೋಡಿ ಹೂಳಿದರು.