ಹೂವಿನ ಹೊಟ್ಟೆ ನೋಡಿದ ಮಾಸ್ತರ

ದೀಪಾವಳಿಗೆ ಮುಂಚೆ ಗಡಹಿಂಗ್ಲಜದ ಪ್ಯಾಟಿಗೆ ಹೋದವರು ಇದನ್ನು ನೋಡಿರಬಹುದು. ಸೀತಾಫಲದ ಬುಟ್ಟಿ ಇಳಿಸಿದ ಕೂಡ್ಲೆ ವ್ಯಾಪಾರಿ ಮಾಡೋ ಮೊದಲ ಕೆಲಸ ಅಂದ್ರೆ ದುಂಡನೆಯ ಹಣ್ಣು ಒಂದು ಕಡೆ, ಸೊಟ್ಟ ಹಣ್ಣು ಇನ್ನೊಂದು ಕಡೆ ಹಾಕೋದು. ದುಂಡನೆಯದು ಕೊಲ್ಲಾಪುರಕ್ಕೋ ಇಚಲಕರಂಜಿಗೋ ಹೋಗ್ತದೆ. ಸೊಟ್ಟದ್ದು ಅಲ್ಲೇ ಅರ್ಧ ರೇಟಿಗೆ ಹೋಗ್ತದೆ, ಇಲ್ಲಾಂದ್ರೆ ಮನೆಗೆ ವಾಪಸ್ ಬರ್ತದೆ. ಕೆಲವು ವರ್ಷ ನನ್ನ ಬುಟ್ಟಿ ಪೂರಾ ಸೊಟ್ಟವೇ ಇದ್ದವು. ಅದರ ಕಾರಣ ನನಗೆ ತಿಳಿದದ್ದು ಸತ್ತು ಸುಮಾರು ನಾಲ್ಕು ದಶಕ ಆಗಿದ್ದ ಒಬ್ಬ ಮಾಸ್ತರರಿಂದ. ಅವರ ಹೆಸರು ಬಿ.ಜಿ.ಎಲ್. ಸ್ವಾಮಿ.

ಮೊದಲು ನನ್ನ ಕಥೆ ಎರಡು ಮಾತಿನಲ್ಲಿ ಮುಗಿಸ್ತೀನಿ. ನನ್ನ ಹೊಲ ಹಿರಣ್ಯಕೇಶಿಯಿಂದ ಮೇಲಕ್ಕೆ, ಎರಡು ಎಕರೆ ಮಡ್ಡಿ. ತಾಯಿ ಇಚಲಕರಂಜಿಯ ತೆಲುಗು ನೇಕಾರರ ಮನೆಯವಳು, ತಂದೆ ಕನ್ನಡದವ. ಓದಿದ್ದು ಸಂಕೇಶ್ವರದಲ್ಲಿ, ಎಸ್ಸೆಸ್ಸೆಲ್ಸಿವರೆಗೆ. 2012ರಲ್ಲಿ ಬಾಲಾನಗರ ತಳಿಯ ಸೀತಾಫಲದ ಕಸಿ ಹಚ್ಚಿದೆ. ತಾಯಿಯ ಕಡೆಯವರ ತೆಲುಗು ನಾಡಿನಿಂದ ಹೆಸರು ಮಾಡಿದ ತಳಿ ಅಂತ ಅಭಿಮಾನ ಬೇರೆ. ನಾಲ್ಕನೇ ವರ್ಷ ಗಿಡ ತುಂಬ ಹೂ ಬಿಟ್ಟವು. ಹೂ ಉದುರಿ ನೆಲ ಮುಚ್ಚಿತು, ಹೀಚು ಮಾತ್ರ ನಿಲ್ಲಲಿಲ್ಲ. ನಿಂತ ನಾಲ್ಕು ಕಾಯಿಯೂ ಒಂದು ಮಗ್ಗುಲು ಉಬ್ಬಿ ಇನ್ನೊಂದು ಮಗ್ಗುಲು ಕುಸಿದಿದ್ದವು. ಹೂವಿನೊಳಗೆ ಎಳ್ಳಿನಷ್ಟು ಸಣ್ಣ ದುಂಬಿ ಕಂಡವು. ಇವೇ ಕಳ್ಳರು ಅಂತ ತಿಳಿದು ಔಷಧ ಹೊಡೆದೆ. ಮರುವರ್ಷ ಫಲ ಇನ್ನೂ ಕಡಿಮೆ ಆಯ್ತು. ಗಿಡ ಕಿತ್ತು, ನೀರು ಏರಿಸಿ ಕಬ್ಬು ಹಚ್ಚೋಣ ಅಂತ ಮಗ ಹಟ ಹಿಡಿದ. ಕೊಡಲಿ ಮಸೆದಿಟ್ಟಿದ್ದೂ ಆಗಿತ್ತು.

ಅದೇ ಬೇಸಿಗೆಯಲ್ಲಿ ಬೀಗರ ಮನೆಯಲ್ಲಿ ಹಸುರು ಹೊನ್ನು ಪುಸ್ತಕ ಕೈಗೆ ಸಿಕ್ಕಿತು. ಕವಿತೆ ಕಟ್ಟೋ ಹುಚ್ಚಿನವನಾದ ನಾನು ಕಾಡಿನ ವರ್ಣನೆ ಇರಬಹುದು ಅಂತ ತೆರೆದೆ. ನಗುತ್ತ ನಗುತ್ತ ಗಿಡದ ಪಾಠ ಹೇಳೋ ಮನುಷ್ಯ ಒಬ್ಬ ಅದರೊಳಗೆ ಕೂತಿದ್ದ.

ಬೆಂಗಳೂರು ಗುಂಡಪ್ಪ ಲಕ್ಷ್ಮೀನಾರಾಯಣ ಸ್ವಾಮಿ ಹುಟ್ಟಿದ್ದು 1918ರ ಫೆಬ್ರವರಿಯಲ್ಲಿ. ತಂದೆ ಡಿ.ವಿ. ಗುಂಡಪ್ಪನವರು. ಮಂಕುತಿಮ್ಮನ ಕಗ್ಗ ಬರೆದ ಆ ಡಿವಿಜಿಯ ಹೆಸರು ಗಡಿಯ ಈಚೆಗಿನ ಕನ್ನಡದ ಮನೆಗಳಲ್ಲೂ ಗೊತ್ತು. ದೊಡ್ಡ ಆಲದ ಕೆಳಗೆ ಹುಲ್ಲೂ ಹುಟ್ಟೋದಿಲ್ಲ ಅಂತಾರೆ. ಈ ಮಗ ಆ ನೆರಳಿನಿಂದ ಸರಿದು ತನ್ನದೇ ಬಿಸಿಲು ಹುಡುಕಿಕೊಂಡ. ತಂದೆ ಮನುಷ್ಯರ ಬಾಳು ನೋಡಿ ಬರೆದರೆ ಮಗ ಹಿಡಿದದ್ದು ಗಿಡಗಳ ಬಾಳು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿ, ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಡಿಎಸ್‌ಸಿ ಪಡೆದರು.

ಅವರು ಆರಿಸಿಕೊಂಡ ವಿಷಯ ಭ್ರೂಣಶಾಸ್ತ್ರ, ಅಂದ್ರೆ ಹೂವಿನೊಳಗೆ ಬೀಜ ಹೇಗೆ ಬಸಿರು ನಿಲ್ತದೆ ಅನ್ನೋ ವಿದ್ಯೆ. ಕೇಳೋಕೆ ಸುಲಭ, ಮಾಡೋಕೆ ಅಲ್ಲ. ಮೊಗ್ಗಿನಿಂದ ಕಾಯಿವರೆಗೆ ಬೇರೆ ಬೇರೆ ವಯಸ್ಸಿನ ಹೂ ಕಿತ್ತು ತರಬೇಕು. ಕೊಳೆಯದ ಹಾಗೆ ದ್ರಾವಣದಲ್ಲಿಟ್ಟು, ಮೇಣದಲ್ಲಿ ಹುದುಗಿಸಬೇಕು. ಅದನ್ನು ಕೂದಲಿಗಿಂತ ತೆಳುವಾಗಿ ಹೆರೆದು, ಬಣ್ಣ ಹಚ್ಚಿ, ಸೂಕ್ಷ್ಮದರ್ಶಕದ ಕೆಳಗೆ ಇಡಬೇಕು. ಒಂದು ಹೂವಿಗೆ ನೂರಾರು ಹೆರಕಲು. ಅವನ್ನೆಲ್ಲ ಸಾಲಾಗಿ ನೋಡಿದ ಮೇಲೆ ಒಳಗೆ ಏನು ನಡೀತು ಅಂತ ಕಥೆ ಜೋಡಿಸಬೇಕು.

ಆ ಕಥೆ ಏನು ಅಂತ ನಮ್ಮ ಭಾಷೆಯಲ್ಲಿ ಹೇಳ್ತೀನಿ. ಪರಾಗದ ಕಣ ಶಲಾಕೆಯ ತುದಿಗೆ ಅಂಟಿ ಅಲ್ಲಿಂದ ಕೊಳವೆಯಂತಾ ಎಳೆ ಇಳಿಸ್ತದೆ. ಆ ಎಳೆ ಎರಡು ಗಂಡು ಕಣ ಹೊತ್ತು ಅಂಡದ ಬಾಗಿಲಿಗೆ ಹೋಗ್ತದೆ. ಒಂದು ಕಣ ಮೊಟ್ಟೆಯ ಕೂಡ ಸೇರಿ ಭ್ರೂಣ ಆಗ್ತದೆ, ನಾಳೆಯ ಗಿಡ ಅದೇ. ಇನ್ನೊಂದು ಕಣ ಪಕ್ಕದ ಬೀಜಕೇಂದ್ರಗಳ ಕೂಡ ಸೇರಿ ಭ್ರೂಣದ ಆಹಾರ ಆಗ್ತದೆ. ಎಳನೀರು ಕುಡಿಯುವಾಗ ನಾವು ಕುಡಿಯೋದು ಆ ಆಹಾರವನ್ನೇ. ಹೀಗೆ ಎರಡು ಸಲ ಕೂಡುವ ಗುಟ್ಟನ್ನು 1898ರಲ್ಲಿ ರಷ್ಯಾದ ನವಾಷಿನ್ ಮೊದಲು ಕಂಡ. ಒಂದು ಬಾಣಂತಿ ಕೋಣೆಯೊಳಗೆ ಕೂಸೂ ಬುತ್ತಿಯೂ ಒಟ್ಟಿಗೆ ತಯಾರಾಗ್ತವೆ ಅಂದ ಹಾಗಾಯ್ತು.

ಸ್ವಾಮಿ ವರ್ಷಗಟ್ಟಲೆ ಹೆರೆದು ನೋಡಿದ್ದು ಆರ್ಕಿಡ್ ಹೂಗಳನ್ನು, ನಮ್ಮ ಸೀತಾಳೆ ದಂಡೆಯ ಜಾತಿಯವು. ಆಜರಾ, ಅಂಬೋಲಿ ಕಡೆ ಮಳೆಗಾಲದಲ್ಲಿ ಮರದ ಮೈಮೇಲೆ ಇಂಥವು ತೂಗ್ತವೆ. ಈ ಜಾತಿಯಲ್ಲಿ ಬುತ್ತಿ ಕಟ್ಟೋದೇ ಇಲ್ಲ, ಕಟ್ಟೋಕೆ ಶುರುವಾದರೂ ನಡುವೆ ನಿಂತು ಹೋಗ್ತದೆ. ಆದ್ದರಿಂದ ಬೀಜ ಧೂಳಿನ ಹಾಗೆ. ಮೊಳೆಯಬೇಕಾದ್ರೆ ಒಂದು ಬೂಷ್ಟು ಬಂದು ಉಣಿಸಬೇಕು. 1940ರ ದಶಕದಲ್ಲಿ ಸ್ವಾಮಿ ಬರೆದ ಈ ವಿಷಯದ ಪ್ರಬಂಧಗಳು ಹೊರದೇಶದ ಪಂಡಿತರ ಕಣ್ಣಿಗೆ ಬಿದ್ದವು.

ಮುಂದೆ ಅಮೆರಿಕದ ಹಾರ್ವರ್ಡಿಗೆ ಹೋದರು. ಅಲ್ಲಿ ಇರ್ವಿಂಗ್ ಬೇಲಿ ಅನ್ನೋ ಹಿರಿಯ ಪ್ರಾಧ್ಯಾಪಕರ ಜೊತೆ ಕೆಲಸ. ಗುರುಶಿಷ್ಯರು ಕೂಡಿ ಕೇಳಿದ ಪ್ರಶ್ನೆ ರೈತನ ಪ್ರಶ್ನೆಯ ಹಾಗೇ ಇತ್ತು: ಬೀಜವನ್ನು ಮುಚ್ಚಿಟ್ಟುಕೊಳ್ಳುವ ಚೀಲ ಗಿಡಕ್ಕೆ ಎಲ್ಲಿಂದ ಬಂತು? ಫಿಜಿ ದ್ವೀಪದ ಡಿಜಿನೇರಿಯ ಅನ್ನೋ ಮರದಲ್ಲಿ ಆ ಚೀಲ ಅಂಚು ಹೊಲಿಯದ ಎಲೆಯ ಹಾಗಿದೆ. ಎಲೆಯನ್ನು ನಡುವೆ ಮಡಚಿ, ಅಂಚಿಗೆ ಅಂಚು ತಾಗಿಸಿ ಇಟ್ಟರೆ ಹೇಗೋ ಹಾಗೆ. ಅಂಡಗಳು ಆ ಮಡಿಕೆಯ ಒಳಗೆ. ಇಂಥ ಮಡಚಿದ ಚೀಲವೇ ಹಳೆಯ ಮಾದರಿ, ಬಿಗಿಯಾಗಿ ಮುಚ್ಚಿಕೊಂಡ ಚೀಲಗಳು ಆಮೇಲಿನವು ಅಂತ ಇಬ್ಬರೂ ಕೂಡಿ 1951ರಲ್ಲಿ ಪ್ರಬಂಧ ಬರೆದರು. ಸಸ್ಯಶಾಸ್ತ್ರದ ಮಂದಿ ಅದನ್ನು ಇವತ್ತಿಗೂ ನೆನೀತಾರೆ. ಡಿಜಿನೇರಿಯ ನಮ್ಮ ಸಂಪಿಗೆಗೂ ಸೀತಾಫಲಕ್ಕೂ ದಾಯಾದಿ. ಮುಂದೆ ಸ್ವಾಮಿ ಒಂದು ಹೊಸ ಸಸ್ಯಕ್ಕೆ ಗುರುವಿನ ಹೆಸರಿಟ್ಟು ಸಾರ್ಕಾಂಡ್ರ ಇರ್ವಿಂಗ್‌ಬೇಲಿ ಅಂತ ಕರೆದರು.

ಇಷ್ಟು ಓದಿದ ಮೇಲೂ ನನಗೆ ಪೂರ್ತಿ ಬಗೆಹರಿಯಲಿಲ್ಲ. ನಿವೃತ್ತರಾದ ಒಬ್ಬ ಸಸ್ಯಶಾಸ್ತ್ರದ ಮಾಸ್ತರ ಹತ್ತಿರ ಸೊಟ್ಟ ಹಣ್ಣು ಒಯ್ದೆ. ಅವರು ಚಾಕು ಹಾಕಿ ತೋರಿಸಿದರು. ಸೀತಾಫಲ ಒಂದು ಹಣ್ಣಲ್ಲ, ಒಂದು ಹೂವಿನ ಹತ್ತಾರು ಚೀಲ ಕೂಡಿ ಆದ ಒಕ್ಕಲು. ಮೈಮೇಲಿನ ಒಂದೊಂದು ಕಣ್ಣೂ ಒಂದೊಂದು ಚೀಲ. ಪರಾಗ ಮುಟ್ಟಿದ ಚೀಲ ಉಬ್ಬಿ ತಿರುಳು ತುಂಬ್ತದೆ, ಮುಟ್ಟದ ಚೀಲ ಹಾಗೇ ಕುಗ್ತದೆ. ಅರ್ಧ ಚೀಲಕ್ಕೆ ಪರಾಗ ಸಿಕ್ಕರೆ ಹಣ್ಣು ಅರ್ಧ ಸೊಟ್ಟ, ಯಾವುದಕ್ಕೂ ಸಿಗದಿದ್ರೆ ಹೂವೇ ಉದುರ್ತದೆ. ಸೀತಾಫಲದ ಹೂವಿನಲ್ಲಿ ಹೆಣ್ಣು ಭಾಗ ಮೊದಲು ಪಕ್ವ ಆಗಿ ಒಣಗಿಬಿಡ್ತದೆ, ಪರಾಗ ಉದುರೋದು ಆಮೇಲೆ. ಒಂದೇ ಹೂವಿನ ಗಂಡು ಹೆಣ್ಣಿಗೆ ಭೆಟ್ಟಿಯೇ ಇಲ್ಲ. ಒಂದು ಹೂವಿಂದ ಇನ್ನೊಂದಕ್ಕೆ ಪರಾಗ ಹೊರೋರು ಯಾರು? ನಾನು ಔಷಧ ಹೊಡೆದು ಕೊಂದೆನಲ್ಲ, ಆ ಎಳ್ಳುಕಾಳಿನ ದುಂಬಿಗಳು. ಕಳ್ಳ ಅಂತ ಹೊಡೆದದ್ದು ಬೀಗತನ ಕೂಡಿಸೋ ದಲ್ಲಾಳಿಯನ್ನ!

ಗುಡ್ಡದ ಸೀತಾಫಲಕ್ಕೆ ಯಾರೂ ಔಷಧ ಹೊಡೆಯೋದಿಲ್ಲ. ಕಲ್ಲಿನ ಸಂದಿಯಲ್ಲಿ, ಉದುರಿದ ಎಲೆಯ ಮೇಲೆ, ಪೊದೆಯ ನೆರಳಿನಲ್ಲಿ ದುಂಬಿಗಳು ಬದುಕ್ತವೆ. ಅಲ್ಲಿ ಹಣ್ಣು ಸಣ್ಣದಾದರೂ ಹಿಡೀತದೆ. ಹೊಲದಲ್ಲಿ ನಾವು ಕಸ ಗುಡಿಸಿ, ನೆಲ ಬೆಳ್ಳಗೆ ಮಾಡಿ, ವೈಶಾಖದ ಬಿಸಿಗಾಳಿಗೆ ಹೂ ಒಡ್ಡಿ ಕೂತಿರ್ತೀವಿ.

ಬೇರೆ ಹಣ್ಣುಗಳದ್ದೂ ಇಂಥದೇ ಒಳಗುಟ್ಟು ಅದ. ಕಾಡಿನ ಕಲ್ಲುಬಾಳೆ ತುಂಬ ಬೀಜ, ನಮ್ಮ ತೋಟದ ಬಾಳೆ ಬೀಜ ಕಟ್ಟದೆಯೇ ಹಣ್ಣಾಗ್ತದೆ. ತಾಸಗಾವದ ಥಾಮ್ಸನ್ ದ್ರಾಕ್ಷಿಯಲ್ಲಿ ಬೀಜ ಶುರುವಾಗ್ತದೆ, ಎಳೆಯದರಲ್ಲೇ ಸಾಯ್ತದೆ. ಆಪೂಸ ಮಾವಿನ ಗೊರಟೆಯಲ್ಲಿ ಒಂದೇ ಭ್ರೂಣ, ಅದೂ ಬೆರಕೆಯದು, ಆದ್ದರಿಂದ ಗೊರಟೆ ನೆಟ್ಟರೆ ಆಪೂಸ ಬರೋದಿಲ್ಲ. ಕೆಲವು ಕರಾವಳಿ ಮಾವುಗಳ ಗೊರಟೆಯಲ್ಲಿ ತಾಯಿಯ ಅಂಗಾಂಶದಿಂದಲೇ ಹಲವು ಸಸಿ ಏಳ್ತವೆ, ಅವು ತಾಯಿಯ ಪಡಿಯಚ್ಚು. ಆಜರಾ, ಚಂದಗಡದ ಗೋಡಂಬಿಯಲ್ಲಿ ಕೆಳಗೆ ತೂಗೋ ಬೀಜವೇ ನಿಜವಾದ ಕಾಯಿ, ಮೇಲಿನ ಕೆಂಪು ಹಣ್ಣು ಬರೀ ಉಬ್ಬಿದ ತೊಟ್ಟು.

ಮತ್ತೆ ಸ್ವಾಮಿಯವರಿಗೆ ಬರೋಣ. ಅಮೆರಿಕದಿಂದ ಬಂದ ಮೇಲೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು, ಮುಂದೆ ಅಲ್ಲೇ ಪ್ರಿನ್ಸಿಪಾಲರೂ ಆದರು. ನಮ್ಮಂಥ ಗಡಿಯವರು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಸುತ್ತಲೂ ತಮಿಳು, ಪಾಠ ಇಂಗ್ಲಿಷು, ಹೊಟ್ಟೆಪಾಡು ಅಲ್ಲಿಯದು. ಅಷ್ಟಿದ್ದೂ ಬರೆಯೋಕೆ ಕೂತಾಗ ಕೈಗೆ ಬಂದದ್ದು ಕನ್ನಡ. ತಮಿಳು ತಲೆಗಳ ನಡುವೆ ಅಂತ ಒಂದು ಪುಸ್ತಕವನ್ನೇ ಬರೆದರು. ಜಗಳವೂ ಅದರಲ್ಲಿದೆ, ತಮಾಷೆಯೂ ಇದೆ. ತಮಿಳು ಕಲಿಯದೆ ಬರೆದದ್ದಲ್ಲ, ಕಲಿತು ಬರೆದದ್ದು. ಮನೆಯಲ್ಲಿ ಒಂದು ಮಾತು, ಪ್ಯಾಟಿಯಲ್ಲಿ ಇನ್ನೊಂದು ಮಾತು ಆಡಿ ಬದುಕೋ ನಮಗೆ ಆ ಬಾಳು ಹೊಸದೇನಲ್ಲ.

ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಪಶ್ಚಿಮ ಘಟ್ಟದ ಕಾಡಿಗೆ ಗಿಡ ತೋರಿಸೋಕೆ ಹೋಗ್ತಿದ್ದರು. ಆ ಅಲೆದಾಟವೇ ಹಸುರು ಹೊನ್ನು ಆಯ್ತು. ಚಿತ್ರಗಳೂ ಅವರ ಕೈಯವೇ. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ ಅನ್ನೋ ಪುಸ್ತಕದಲ್ಲಿ ಮೆಣಸಿನಕಾಯಿ, ಆಲೂಗಡ್ಡೆಯಂಥವು ಸಮುದ್ರ ದಾಟಿ ನಮ್ಮ ಅಡುಗೆಮನೆಗೆ ಬಂದ ಕಥೆ ಹೇಳಿದರು. ಸಂಕೇಶ್ವರದ ಮೆಣಸಿನಕಾಯಿಯ ಹೆಮ್ಮೆ ಇರೋ ನಮಗೆ ಅದು ಬೇರೆ ಖಂಡದ ಕೂಸು ಅಂದ್ರೆ ಮೊದಲು ನಂಬಿಕೆ ಬರೋದಿಲ್ಲ. ಹಳೆ ಶಾಸನಗಳಲ್ಲಿ ಯಾವ ಯಾವ ಗಿಡಮರದ ಹೆಸರು ಬರ್ತವೆ ಅಂತ ಹುಡುಕಿಯೂ ಒಂದು ಪುಸ್ತಕ ಬರೆದರು. ಕೊಲ್ಲಾಪುರದ ಶಿಲಾಹಾರರೂ ಕನ್ನಡದಲ್ಲಿ ಶಾಸನ ಹಾಕಿಸಿದವರೇ, ಹಂಗಾಗಿ ಆ ಹುಡುಕಾಟ ನಮ್ಮ ಅಂಗಳದ್ದೂ ಹೌದು.

ಕೊನೆಯ ದಿನಗಳನ್ನು ಮೈಸೂರಿನಲ್ಲಿ ಕಳೆದರು. 1980ರಲ್ಲಿ ಕೆ.ವಿ. ಕೃಷ್ಣಮೂರ್ತಿಯವರ ಜೊತೆ ಬರೆದ ಭ್ರೂಣಶಾಸ್ತ್ರದ ಇಂಗ್ಲಿಷ್ ಗ್ರಂಥ ಬಂತು. ಅದರ ಹೆಸರು ಫ್ರಮ್ ಫ್ಲವರ್ ಟು ಫ್ರೂಟ್, ಹೂವಿನಿಂದ ಹಣ್ಣಿಗೆ ಅಂತ ಅರ್ಥ. ಅದೇ ವರ್ಷ ನವೆಂಬರಿನಲ್ಲಿ ಸ್ವಾಮಿ ತೀರಿಕೊಂಡರು. ವಯಸ್ಸು 62. ಆಗ ನಾನು ಹೊಲದಲ್ಲಿ ಎಮ್ಮೆ ಕಾಯೋ ಹುಡುಗ. ಅವರ ಹೆಸರೂ ಕೇಳಿರಲಿಲ್ಲ.

ಕೊಡಲಿ ಏನಾಯ್ತು ಅಂತ ಕೇಳ್ತೀರಿ. ಮಗನಿಗೆ ಒಂದು ವರ್ಷದ ಗಡುವು ಕೇಳಿದೆ. ಹೂವಿನ ಕಾಲದಲ್ಲಿ ಔಷಧ ಬಂದ್ ಮಾಡಿದೆ. ಗಿಡದ ಬುಡಕ್ಕೆ ಎಲೆ, ರವದಿ ಹರಡಿದೆ. ನಸುಕಿನಲ್ಲಿ ಎದ್ದು, ಪೂರಾ ಬಿರಿದ ಹೂವಿನ ಪರಾಗವನ್ನು ಡಬ್ಬಿಗೆ ಉದುರಿಸಿ, ಎಸಳು ಈಗಷ್ಟೇ ಸಡಿಲಾದ ಹೂವಿನ ನಡುವಿಗೆ ಮೆತ್ತನೆಯ ಬ್ರಷ್ಷಿನಿಂದ ಮುಟ್ಟಿಸಿದೆ. ಎಲ್ಲ ಗಿಡಕ್ಕೂ ಆಗಲಿಲ್ಲ, ಬೆನ್ನು ಕೇಳಲಿಲ್ಲ. ಮುಟ್ಟಿಸಿದ ಹೂವಿಗೆಲ್ಲ ಗುರುತಿಗೆ ಅಂತ ತಾಯಿಯ ಹಳೆ ಗಂಟಿನ ಇಚಲಕರಂಜಿ ನೂಲು ಕಟ್ಟಿದೆ. ಮೃಗಶಿರಾ ಮಳೆ ಬಿದ್ದ ಮೇಲೆ ನೋಡಿದ್ರೆ ನೂಲು ಕಟ್ಟಿದ ಕಡೆಯೇ ಹೀಚು ಹೆಚ್ಚು. ತಾಯಿ ಅದಕ್ಕೆ ತೆಲುಗಿನಲ್ಲಿ ಪಿಂದೆ ಅಂತಿದ್ದಳು. ನಾನು ಗಿಡದಿಂದ ಗಿಡಕ್ಕೆ ಹೀಚು, ಪಿಂದೆ ಅಂತ ಎರಡೂ ಭಾಷೆಯಲ್ಲಿ ಎಣಿಸ್ತ ಹೋದೆ.

ಈಗಲೂ ಕೆಲವು ಹಣ್ಣು ಸೊಟ್ಟ ಬರ್ತವೆ. ಅವನ್ನು ನಾವು ಮನೆಯಲ್ಲಿ ತಿಂತೀವಿ, ರುಚಿಗೆ ಕಡಿಮೆ ಇಲ್ಲ. ಕಬ್ಬಿನ ಮಾತನ್ನು ಮಗ ಪೂರ್ತಿ ಬಿಟ್ಟಿಲ್ಲ, ಆದರೆ ನಸುಕಿನಲ್ಲಿ ಇನ್ನೊಂದು ಬ್ರಷ್ಷು ಹಿಡಿದು ಅವನೇ ನನಗಿಂತ ಮುಂದೆ ಹೋಗ್ತಾನೆ. ನಿಮ್ಮ ಹಿತ್ತಿಲಲ್ಲಿ ಒಂದು ಸೀತಾಫಲ ಇದ್ದರೆ ಬರೋ ಬೇಸಿಗೆಯಲ್ಲಿ ಔಷಧ ತರೋ ಮೊದಲು ಒಂದು ಹೂ ಬಿಡಿಸಿ ಒಳಗೆ ನೋಡಿರಿ.