ಒಂಟಿಯಾದವರ ಮನೆ ಕೊನೆಯಲ್ಲಿ: ಸಂತ ವಿನ್ಸೆಂಟ್ ಡಿ ಪೌಲರ ಜೀವನ

ನಮ್ಮ ಧರ್ಮಕೇಂದ್ರಗಳಲ್ಲಿ ದಾನಬುದ್ಧಿಗೆ ಕೊರತೆಯಿಲ್ಲ. ಯಾರಾದರೂ ಕಷ್ಟದಲ್ಲಿದ್ದಾರೆಂದು ಭಾನುವಾರದ ಬಲಿಪೂಜೆಯಲ್ಲಿ ಪ್ರಕಟಣೆಯಾದರೆ ಅಂದೇ ನಾಲ್ಕಾರು ಮಂದಿ ಅವರ ಬಾಗಿಲಿಗೆ ಹೋಗುತ್ತಾರೆ. ಆದರೆ ಮುಂದಿನ ತಿಂಗಳು ಅದೇ ಬಾಗಿಲನ್ನು ತಟ್ಟುವವರು ಯಾರು? ಹಾಸಿಗೆ ಹಿಡಿದ ವೃದ್ಧರಿಗೆ ಔಷಧಿ ತಂದುಕೊಡುವವರು ಯಾರು, ಸಂಕಟದಲ್ಲಿರುವ ಮನೆಯವರು ಮೊದಲು ಯಾರನ್ನು ಕೇಳಬೇಕು ಎಂಬ ಪ್ರಶ್ನೆಗೆ ಎಷ್ಟೋ ಕಡೆ ಉತ್ತರವಿಲ್ಲ. ಈ ಪ್ರಶ್ನೆಗೆ ಸುಮಾರು ನಾಲ್ಕು ಶತಮಾನಗಳ ಹಿಂದೆ ಫ್ರಾನ್ಸಿನ ಒಂದು ಸಣ್ಣ ಊರಿನಲ್ಲಿ ಉತ್ತರ ಹುಡುಕಿದವರು ಸಂತ ವಿನ್ಸೆಂಟ್ ಡಿ ಪೌಲರು. ಸೆಪ್ಟೆಂಬರ್ 27ರಂದು ಧರ್ಮಸಭೆ ಸ್ಮರಿಸುವ ಈ ಮಹಾನುಭಾವರ ಜೀವನವನ್ನು ನಾವು ಇಲ್ಲಿ ನೆನೆಯೋಣ.

ಫ್ರಾನ್ಸಿನ ನೈಋತ್ಯ ಭಾಗದ ಪೂಯಿ ಎಂಬ ಹಳ್ಳಿಯ ರೈತ ಕುಟುಂಬದಲ್ಲಿ 1581ರ ಸುಮಾರಿಗೆ ವಿನ್ಸೆಂಟರು ಜನಿಸಿದರು. ಬಾಲ್ಯದಲ್ಲಿ ಕುರಿ, ಹಂದಿಗಳನ್ನು ಮೇಯಿಸಿದವರು. ಮಗನ ಬುದ್ಧಿಯನ್ನು ಕಂಡ ತಂದೆ ಅವರನ್ನು ಓದಲು ಕಳುಹಿಸಿದರು; ಮುಂದಿನ ವ್ಯಾಸಂಗಕ್ಕಾಗಿ ಒಂದು ಜೋಡಿ ಎತ್ತನ್ನೇ ಮಾರಿದರು. 1600ರಲ್ಲಿ ವಿನ್ಸೆಂಟರಿಗೆ ಗುರುದೀಕ್ಷೆ ದೊರೆಯಿತು.

ಸಂತರೆಂದರೆ ಹುಟ್ಟುತ್ತಲೇ ಸಂತರು ಎಂದು ಭಾವಿಸುವವರು ಈ ಭಾಗವನ್ನು ಗಮನಿಸಬೇಕು. ವಿದ್ಯಾರ್ಥಿಯಾಗಿದ್ದಾಗ ತಮ್ಮನ್ನು ನೋಡಲು ಬಂದ ತಂದೆ ಕುಂಟುತ್ತಿದ್ದರು, ಅವರ ಉಡುಪು ಹರಕಾಗಿತ್ತು ಎಂಬ ಕಾರಣಕ್ಕೆ ವಿನ್ಸೆಂಟರು ನಾಚಿಕೊಂಡರು. ಮುಪ್ಪಿನಲ್ಲಿ ಅವರೇ ಇದನ್ನು ತಮ್ಮವರ ಮುಂದೆ ಬಹು ದುಃಖದಿಂದ ಒಪ್ಪಿಕೊಂಡರು. ಯುವ ಗುರುವಾಗಿ ಅವರು ಹುಡುಕುತ್ತಿದ್ದುದು ಒಳ್ಳೆಯ ವರಮಾನದ ಒಂದು ಹುದ್ದೆಯನ್ನು; ಅದರಿಂದ ಮನೆಯವರನ್ನು ಸಲಹಿ ನೆಮ್ಮದಿಯಾಗಿರಬೇಕೆಂಬುದು ಅವರ ಆಸೆಯಾಗಿತ್ತು. ಬಡತನದಿಂದ ದೂರ ಹೋಗಲು ಹೊರಟಿದ್ದ ಈ ಗುರುವನ್ನು ದೇವರು ಬಡವರ ಬಳಿಗೇ ಕರೆತಂದರು.

1617ನೆಯ ಇಸವಿ ಅವರ ಬದುಕಿನ ತಿರುವು. ಆ ವರ್ಷ ಅವರು ಷಾತಿಯೋಂ ಎಂಬ ಊರಿನ ಧರ್ಮಕೇಂದ್ರದ ಗುರುಗಳಾಗಿದ್ದರು. ಆಗಸ್ಟ್ ತಿಂಗಳ ಒಂದು ಭಾನುವಾರ ಅವರು ಪೂಜಾವಸ್ತ್ರ ಧರಿಸುತ್ತಿದ್ದಾಗ ಸುದ್ದಿಯೊಂದು ಬಂತು. ಊರ ಹೊರಗಿನ ಒಂಟಿ ಮನೆಯೊಂದರಲ್ಲಿ ಎಲ್ಲರೂ ರೋಗದಿಂದ ಮಲಗಿದ್ದರು. ಒಬ್ಬರು ಇನ್ನೊಬ್ಬರಿಗೆ ನೀರು ಕೊಡುವ ಸ್ಥಿತಿಯೂ ಇರಲಿಲ್ಲ. ವಿನ್ಸೆಂಟರು ಪ್ರಬೋಧನೆಯಲ್ಲಿ ಈ ವಿಷಯವನ್ನು ಮನಮುಟ್ಟುವಂತೆ ತಿಳಿಸಿದರು. ಅಂದು ಮಧ್ಯಾಹ್ನ ತಾವೂ ಆ ಮನೆಯತ್ತ ಹೊರಟಾಗ ದಾರಿಯುದ್ದಕ್ಕೂ ಆಹಾರ ಹೊತ್ತು ಹೋಗುವ, ಕೊಟ್ಟು ಹಿಂದಿರುಗುವ ಮಹಿಳೆಯರೇ ಎದುರಾದರು. ಬಿಸಿಲಿಗೆ ಬಳಲಿದ ಕೆಲವರು ದಾರಿ ಬದಿಯಲ್ಲೇ ಕುಳಿತಿದ್ದರು.

ಬೇರೊಬ್ಬ ಗುರುಗಳಾಗಿದ್ದರೆ ತಮ್ಮ ಪ್ರಬೋಧನೆ ಫಲಿಸಿತೆಂದು ಸಂತೋಷಪಟ್ಟು ಸುಮ್ಮನಾಗುತ್ತಿದ್ದರೇನೋ. ವಿನ್ಸೆಂಟರು ಚಿಂತೆಗೊಳಗಾದರು. ಒಂದೇ ದಿನ ಬಂದು ಬಿದ್ದ ಅಷ್ಟೊಂದು ಆಹಾರದಲ್ಲಿ ಸ್ವಲ್ಪ ಭಾಗ ಕೆಟ್ಟುಹೋಗುವುದು. ಕೆಲವೇ ದಿನಗಳಲ್ಲಿ ಆ ಮನೆಯವರು ಮತ್ತೆ ಹಸಿದಿರುವರು. ಪ್ರೀತಿಗೆ ಅಲ್ಲಿ ಬರವಿರಲಿಲ್ಲ, ವ್ಯವಸ್ಥೆಯಿರಲಿಲ್ಲ.

ಕೆಲವೇ ದಿನಗಳಲ್ಲಿ, ಆಗಸ್ಟ್ 23ರಂದು, ಅವರು ಊರಿನ ಕೆಲವು ಮಹಿಳೆಯರನ್ನು ಒಟ್ಟುಗೂಡಿಸಿದರು. ಸೇವೆಯನ್ನು ಸರದಿಯಂತೆ, ದಿನಕ್ಕೊಬ್ಬರು ವಹಿಸಿಕೊಳ್ಳಬೇಕೆಂದು ಗೊತ್ತಾಯಿತು. ಸಂಘಕ್ಕೆ ಮುಖ್ಯಸ್ಥೆ, ಹಣ ನೋಡಿಕೊಳ್ಳುವವರು, ಸರಿಯಾದ ಲೆಕ್ಕ, ಲಿಖಿತ ನಿಯಮಾವಳಿ ಎಲ್ಲವೂ ಏರ್ಪಟ್ಟವು. ಅದೇ ವರ್ಷ ಡಿಸೆಂಬರ್ 8ರಂದು ಸಂಘ ವಿಧಿವತ್ತಾಗಿ ಸ್ಥಾಪನೆಯಾಯಿತು.

ಆ ನಿಯಮಾವಳಿಯ ಸೂಕ್ಷ್ಮತೆ ಇಂದಿಗೂ ನಮ್ಮನ್ನು ಬೆರಗುಗೊಳಿಸುತ್ತದೆ. ಸರದಿಯ ಮಹಿಳೆ ಅಡುಗೆ ಮಾಡಿ ರೋಗಿಯ ಮನೆಗೆ ಒಯ್ಯಬೇಕು, ನಗುಮುಖದಿಂದ ಮಾತನಾಡಿಸಬೇಕು, ಹಾಸಿಗೆಯ ಬಳಿ ಬಟ್ಟೆ ಹಾಸಿ, ತಟ್ಟೆ ಚಮಚ ಇಟ್ಟು, ರೋಗಿಯ ಕೈ ತೊಳೆಸಿ, ಮಾಂಸವನ್ನು ಸಣ್ಣಗೆ ಕತ್ತರಿಸಿ ಕೊಟ್ಟು, ತನ್ನ ಸ್ವಂತ ಮಗನಿಗೆಂಬಂತೆ ಉಣ್ಣಿಸಬೇಕು. ಜೊತೆಗೆ ಇನ್ನೊಂದು ಮಾತಿದೆ. ಮನೆಯಲ್ಲಿ ಆರೈಕೆಗೆ ಯಾರಾದರೂ ಇರುವ ರೋಗಿಗಳ ಬಳಿಗೆ ಮೊದಲು ಹೋಗಬೇಕು. ಯಾರೂ ಇಲ್ಲದವರ ಬಳಿಗೆ ಕೊನೆಯಲ್ಲಿ ಹೋಗಬೇಕು. ಹಾಗಾದರೆ ಒಂಟಿಯಾದವರೊಡನೆ ಹೆಚ್ಚು ಹೊತ್ತು ಕುಳಿತುಕೊಳ್ಳಬಹುದು. ಹಸಿವು ಅನ್ನದಿಂದ ನೀಗುತ್ತದೆ, ಒಂಟಿತನಕ್ಕೆ ಮನುಷ್ಯರೇ ಬೇಕು ಎಂಬುದನ್ನು ವಿನ್ಸೆಂಟರು ಅಂದೇ ಅರಿತಿದ್ದರು.

1621ರಲ್ಲಿ ಭಿಕ್ಷುಕರಿಂದ ತುಂಬಿದ್ದ ಮಾಕೋಂ ಪಟ್ಟಣದಲ್ಲಿ ಅವರು ಬಡವರ ಪಟ್ಟಿಯನ್ನೇ ಮಾಡಿಸಿ, ಅವರಿಗೆ ಕ್ರಮಬದ್ಧವಾಗಿ ನೆರವು ಸಿಗುವಂತೆ ಮಾಡಲು ಮುಂದಾದಾಗ ಜನ ಮೊದಲು ನಕ್ಕರು. ಯೋಜನೆ ಕೈಗೂಡಿದ ಮೇಲೆ ನಕ್ಕವರೇ ಕೊಂಡಾಡಿದರು. 1625ರಲ್ಲಿ ಹಳ್ಳಿಯ ಬಡಜನರಿಗೆ ಶುಭಸಂದೇಶ ಸಾರಲು ಅವರು ಗುರುಗಳ ಸಭೆಯೊಂದನ್ನು ಸ್ಥಾಪಿಸಿದರು.

ಪ್ಯಾರಿಸ್ ನಗರದಲ್ಲಿ ಹೊಸ ತೊಡಕೊಂದು ಎದುರಾಯಿತು. ಸಂಘಕ್ಕೆ ಸೇರಿದ ಸಿರಿವಂತ ಮಹಿಳೆಯರಲ್ಲಿ ಕೆಲವರು ತಾವು ಹೋಗದೆ ತಮ್ಮ ಸೇವಕಿಯರನ್ನು ರೋಗಿಗಳ ಬಳಿಗೆ ಕಳುಹಿಸತೊಡಗಿದರು. ಆಗ ಮಾರ್ಗರೀತ್ ನಾಸೋ ಎಂಬ ಹಳ್ಳಿಯ ಯುವತಿ ತಾನಾಗಿ ಮುಂದೆ ಬಂದಳು. ದನ ಕಾಯುತ್ತಾ, ದಾರಿಹೋಕರನ್ನು ಕೇಳಿ ಅಕ್ಷರ ಕಲಿತಿದ್ದವಳು ಆಕೆ. ಪ್ಲೇಗ್ ಪೀಡಿತಳೊಬ್ಬಳಿಗೆ ತನ್ನ ಹಾಸಿಗೆಯಲ್ಲೇ ಜಾಗ ಕೊಟ್ಟು, ಅದೇ ರೋಗದಿಂದ 1633ರಲ್ಲಿ ಆಕೆ ತೀರಿಕೊಂಡಳು. ಅದೇ ವರ್ಷ ನವೆಂಬರ್ 29ರಂದು ಸಂತ ಲೂಯಿಸ್ ಡಿ ಮರಿಯಾಕ್ ಅವರ ಮನೆಯಲ್ಲಿ ಅಂತಹ ಯುವತಿಯರ ಸಹಜೀವನ ಆರಂಭವಾಯಿತು. ಇದೇ ಪ್ರೇಮಸೇವೆಯ ಭಗಿನಿಯರ ಸಂಸ್ಥೆಯ ಉದಯ. ಕನ್ಯಾಸ್ತ್ರೀಯರೆಂದರೆ ಮಠದ ಗೋಡೆಯೊಳಗೇ ಇರಬೇಕೆಂಬ ಕಾಲವದು. ವಿನ್ಸೆಂಟರಾದರೋ ಈ ಭಗಿನಿಯರಿಗೆ ರೋಗಿಗಳ ಮನೆಯೇ ಮಠ, ಊರಿನ ಬೀದಿಗಳೇ ಅದರ ಅಂಗಳ ಎಂದು ಬೋಧಿಸಿದರು.

1638ರಲ್ಲಿ ಬೀದಿಯಲ್ಲಿ ತೊರೆದುಹೋದ ಶಿಶುಗಳ ಪಾಲನೆ ಮೊದಲಾಯಿತು. 1639ರಿಂದ ಯುದ್ಧ, ಕ್ಷಾಮಗಳಿಂದ ಜರ್ಜರಿತವಾದ ಲೊರೇನ್ ಪ್ರಾಂತಕ್ಕೆ ನೆರವು ಹರಿಯಿತು. 1653ರಲ್ಲಿ ಹೆಸರು ಹೇಳಬಯಸದ ವ್ಯಾಪಾರಿಯೊಬ್ಬರ ದಾನದಿಂದ 40 ಮಂದಿ ವೃದ್ಧ ಕುಶಲಕರ್ಮಿಗಳಿಗೆ ಆಶ್ರಯಧಾಮ ತೆರೆಯಿತು. ಅಲ್ಲಿ ಅವರು ಕೈಲಾದ ಕೆಲಸ ಮಾಡುತ್ತಾ ಗೌರವದಿಂದ ಬದುಕಿದರು. ಮುಂದೆ ಪ್ಯಾರಿಸ್ಸಿನ ಭಿಕ್ಷುಕರನ್ನೆಲ್ಲ ಬಲವಂತವಾಗಿ ಒಂದೆಡೆ ಕೂಡಿಹಾಕುವ ರಾಜಾಜ್ಞೆ 1656ರಲ್ಲಿ ಹೊರಟಾಗ ವಿನ್ಸೆಂಟರ ಮನಸ್ಸು ಅದಕ್ಕೆ ಒಗ್ಗಲಿಲ್ಲ. ಅಲ್ಲಿನ ಆಧ್ಯಾತ್ಮಿಕ ಹೊಣೆಯನ್ನು ಅವರ ಗುರುಗಳ ಸಭೆ ವಹಿಸಿಕೊಳ್ಳಲಿಲ್ಲ.

1660ರ ಸೆಪ್ಟೆಂಬರ್ 27ರಂದು, ಕುರ್ಚಿಯಲ್ಲಿ ಕುಳಿತಂತೆಯೇ ಅವರು ಪ್ರಭುವಿನ ಪಾದ ಸೇರಿದರು. 1737ರಲ್ಲಿ ಅವರಿಗೆ ಸಂತ ಪದವಿ ದೊರೆಯಿತು. 1833ರಲ್ಲಿ ಫ್ರೆಡರಿಕ್ ಓಝಾನಾಂ ಮತ್ತು ಅವರ ಗೆಳೆಯರು ಪ್ಯಾರಿಸ್ಸಿನಲ್ಲಿ ಬಡವರ ಸೇವೆಗೆ ಹೊರಟಾಗ, ಯಾವ ಮನೆಗೆ ಹೋಗಬೇಕು, ಹೇಗೆ ಮಾತನಾಡಿಸಬೇಕು ಎಂದು ಕಲಿಸಿದವರು ವಿನ್ಸೆಂಟರ ಸಂಸ್ಥೆಯ ಭಗಿನಿ ರೋಸಲಿಯವರು. ಹೀಗೆ ಹುಟ್ಟಿದ ಸಂತ ವಿನ್ಸೆಂಟ್ ಡಿ ಪೌಲ್ ಸಭೆಯ ಘಟಕಗಳು ನಮ್ಮ ನಾಡಿನ ಧರ್ಮಕೇಂದ್ರಗಳಲ್ಲೂ ಕೆಲಸ ಮಾಡುತ್ತಿವೆ.

ಪ್ರಿಯ ಓದುಗರೇ, ನಮ್ಮ ಧರ್ಮಕೇಂದ್ರದಲ್ಲಿ ಈ ಸಭೆಯ ಸದಸ್ಯರು ಯಾರು, ಅವರು ಎಂದು ಸೇರುತ್ತಾರೆ ಎಂಬುದು ನಮಗೆ ಗೊತ್ತಿದೆಯೇ? ಗೊತ್ತಿಲ್ಲದಿದ್ದರೆ ಈ ಭಾನುವಾರವೇ ಧರ್ಮಗುರುಗಳನ್ನು ಕೇಳಿ ತಿಳಿಯೋಣ. ನೆರವು ಬೇಕಾದವರು ಕೇಳಲು ನಾಚಬೇಕಾಗಿಲ್ಲ. ತಂದೆಯ ಬಡತನಕ್ಕೆ ನಾಚಿದ್ದಕ್ಕಾಗಿ ಜೀವನವಿಡೀ ಮರುಗಿದ ಸಂತರ ಹೆಸರಿನ ಸಭೆಯಿದು. ನೆರವು ನೀಡಬಲ್ಲವರು ವಾರದಲ್ಲಿ ಒಂದು ಗಂಟೆಯನ್ನು ಮೀಸಲಿಡೋಣ. ನಮ್ಮ ವಾರ್ಡಿನಲ್ಲಿ ಒಂಟಿಯಾಗಿರುವವರ ಮನೆಗೆ ಕೊನೆಯಲ್ಲಿ ಹೋಗಿ, ಹೊರಡುವ ಅವಸರವಿಲ್ಲದೆ ಅವರ ಜೊತೆ ಕುಳಿತುಕೊಳ್ಳೋಣ.